ಶಟಲ್: ದಿನಾ ಆಡಬೇಕೆ, ದಿನ ಬಿಟ್ಟು ದಿನವೇ, ಭಾನುವಾರವಷ್ಟೇ ಸಾಕೆ?

“ಮಂಡಿ ನೋಯ್ತೈತೆ, ಆದ್ರೆ ತಿಂಗಳ ದುಡ್ಡು ಕಟ್ಟಿಬಿಟ್ಟೀನಿ. ಬಿಡ್ಲೋ, ಆಡ್ಲೋ?” ದಾವಣಗೆರೆಯಲ್ಲಿ ಶಟಲ್ (ಬ್ಯಾಡ್ಮಿಂಟನ್) ಆಡುವವರ ಮಧ್ಯೆ ನಿಂತರೆ ಈ ಮಾತು ಕಿವಿಗೆ ಬೀಳದೆ ಇರುವುದಿಲ್ಲ. ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲೂ ಬರುತ್ತದೆ. ಅಂಗಡಿ ಬಾಗಿಲು ತೆಗೆಯುವ ಮುಂಚೆ ದಿನಾ ಒಂದು ಗಂಟೆ ಆಡಿದರೆ ತಪ್ಪೇನು? ವಾರವೆಲ್ಲ ಬಿಡುವಿಲ್ಲ, ಭಾನುವಾರ ಒಂದೇ ಸಲ ಮೂರು ಗಂಟೆ ಆಡಿಬಿಟ್ಟರೆ ನಡೆಯುತ್ತದೆಯೇ? ಮಗಳನ್ನು ಕೋಚ್ ಎರಡು ಹೊತ್ತೂ ಕಳಿಸಿ ಅನ್ನುತ್ತಿದ್ದಾರೆ, ಕಳಿಸೋಣವೇ?

ಎಲ್ಲರಿಗೂ ಒಂದೇ ಉತ್ತರ ಕೊಡಲು ಬರುವುದಿಲ್ಲ. ಆದರೆ ನನಗನ್ನಿಸುವುದು ಇಷ್ಟು: ನಮ್ಮಲ್ಲಿ ಹೆಚ್ಚಿನವರು ಆಟದ ದಿನಗಳನ್ನು ತಾವಾಗಿ ಆರಿಸಿಕೊಂಡೇ ಇಲ್ಲ. ಕೋರ್ಟಿನವರು ತಿಂಗಳ ಲೆಕ್ಕದಲ್ಲಿ ಸ್ಲಾಟ್ ಕೊಡುತ್ತಾರೆ, ಗೆಳೆಯರು ರಾತ್ರಿ ಹತ್ತಕ್ಕೆ “ನಾಳೆ ಒಬ್ರು ಕಮ್ಮಿ ಅಣ್ಣಾ, ಬರ್ರಿ” ಅಂತ ಮೆಸೇಜ್ ಹಾಕುತ್ತಾರೆ, ನಾವು ಹೋಗುತ್ತೇವೆ. ದಿನಗಳನ್ನು ಗೊತ್ತು ಮಾಡಬೇಕಾದದ್ದು ಮೈಯಲ್ಲಿ ಯಾವ ಭಾಗ ಎಲ್ಲಕ್ಕಿಂತ ತಡವಾಗಿ ಸುಧಾರಿಸಿಕೊಳ್ಳುತ್ತದೋ ಆ ಭಾಗವನ್ನು ನೋಡಿ.

ಮೊದಲು ಏನನ್ನು ನೋಡಬೇಕು

ಆಟ ಮುಗಿದು ಕೂತ ಸ್ವಲ್ಪ ಹೊತ್ತಿಗೆ ಉಸಿರು ಸರಿಹೋಗುತ್ತದೆ. ಸ್ನಾಯುಗಳಲ್ಲಿ ಖರ್ಚಾದ ಸಕ್ಕರೆಯ ದಾಸ್ತಾನು, ಹೊಟ್ಟೆತುಂಬ ಅನ್ನವೋ ರೊಟ್ಟಿಯೋ ಉಂಡರೆ, ಹೆಚ್ಚುಕಡಿಮೆ ಒಂದು ದಿನದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಅಭ್ಯಾಸವಿಲ್ಲದವರು ಜೋರಾಗಿ ಆಡಿದರೆ ತೊಡೆ, ಮೀನಖಂಡ ಹಿಡಿದುಕೊಳ್ಳುವ ನೋವು ಮರುದಿನ ಶುರುವಾಗಿ ಎರಡು ಮೂರನೇ ದಿನಕ್ಕೆ ಏರಿ ಇಳಿಯುತ್ತದೆ. ಇವೆಲ್ಲ ನಮಗೆ ಗೊತ್ತಾಗುತ್ತವೆ. ಸದ್ದಿಲ್ಲದೆ ಹಿಂದೆ ಬೀಳುವುದು ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟಿರುವ ಬಿಗಿಯಾದ ಪಟ್ಟಿ. ಹಿಮ್ಮಡಿಯ ಹಿಂದೆ ಒಂದು, ಮಂಡಿಚಿಪ್ಪಿನ ಕೆಳಗೆ ಒಂದು, ಮೊಣಕೈಯ ಹೊರಬದಿಯಲ್ಲಿ ಒಂದು, ಭುಜದಲ್ಲಿ ನಾಲ್ಕು. ಶಟಲ್ ಆಡುವವರು ಡಾಕ್ಟರ ಹತ್ತಿರ ಹೋಗುವುದು ಬಹುಪಾಲು ಇವುಗಳಿಂದಲೇ.

ಜೋರಾಗಿ ಆಡಿದ ಮೇಲೆ ಟೆಂಡನ್ನಿನೊಳಗೆ ಹಳೆಯ ಎಳೆ ಕರಗುವುದೂ ಹೊಸ ಎಳೆ ಹುಟ್ಟುವುದೂ ಒಟ್ಟಿಗೇ ನಡೆಯುತ್ತವೆ. ಮೊದಲ ಒಂದು, ಒಂದೂವರೆ ದಿನ ಕರಗುವುದೇ ಹೆಚ್ಚು. ಆಮೇಲೆ ಕಟ್ಟುವ ಕೆಲಸ ಮುಂದಾಗುತ್ತದೆ. ಇಪ್ಪತ್ತನಾಲ್ಕು ಗಂಟೆಗೊಮ್ಮೆ ಪೂರ್ತಿ ಜೋರಿನಲ್ಲಿ ಆಡುವವರ ಟೆಂಡನ್ನಿಗೆ ಲಾಭದ ಆ ಸಮಯ ಸಿಗುವುದೇ ಇಲ್ಲ. ಚಿಕ್ಕಂದಿನಿಂದ ಆಡಿ, ವರ್ಷಗಟ್ಟಲೆ ಮೆಲ್ಲಗೆ ಭಾರ ಏರಿಸಿಕೊಂಡು ಬಂದವರದು ತಡೆದುಕೊಳ್ಳುತ್ತದೆ. ಕೆಲಸ, ಮದುವೆ, ಮಕ್ಕಳು ಅಂತ ಹತ್ತು ವರ್ಷ ಬಿಟ್ಟು ಈಗ ಬ್ಯಾಟು ಹಿಡಿದವರದು ತಡೆಯುವುದಿಲ್ಲ.

ಇನ್ನೊಂದು ಮೋಸವೂ ಇದೆ. ಟೆಂಡನ್ ನೋವು ಮೈ ಬಿಸಿಯಾದಂತೆ ಮಾಯವಾಗುತ್ತದೆ. ಮೊದಲ ಗೇಮಿನಲ್ಲಿ ಕುಂಟಿದವನು ಎರಡನೆಯದರಲ್ಲಿ ಸ್ಮ್ಯಾಶ್ ಹೊಡೆಯುತ್ತಾನೆ, “ಆಡಿದ್ರೆನೇ ಸರಿಹೋಗುತ್ತೆ” ಅಂತ ನಂಬುತ್ತಾನೆ. ಲೆಕ್ಕ ತಿಳಿಯುವುದು ಮರುದಿನ ಬೆಳಿಗ್ಗೆ. ಹಾಸಿಗೆಯಿಂದ ಇಳಿದ ಮೊದಲ ಹತ್ತು ಹೆಜ್ಜೆ ಹಿಮ್ಮಡಿ ಬಿಗಿಯುತ್ತದೆಯೇ? ಬಚ್ಚಲಲ್ಲಿ ತುಂಬಿದ ಚೊಂಬು ಎತ್ತುವಾಗ ಮೊಣಕೈ ಚುಚ್ಚುತ್ತದೆಯೇ? ಮೆಟ್ಟಿಲು ಇಳಿಯುವಾಗ ಮಂಡಿಯ ಕೆಳಗೆ ಹಿಡಿಯುತ್ತದೆಯೇ? ಕೋರ್ಟಿನಲ್ಲಿ ನೋವು ಎಷ್ಟಿತ್ತು ಅನ್ನುವುದಕ್ಕಿಂತ ಈ ಮೂರು ಪರೀಕ್ಷೆ ನಂಬಿಕೆಗೆ ಅರ್ಹ. ನಿನ್ನೆಗಿಂತ ಇವತ್ತು ಬಿಗಿ ಜಾಸ್ತಿಯಾಗಿದ್ದರೆ ಆ ದಿನ ಆಟವಿಲ್ಲ.

ಎರಡನೆಯದಾಗಿ, ದಿನಗಳನ್ನು ಎಣಿಸುವ ಮುಂಚೆ ಗೇಮುಗಳನ್ನು ಎಣಿಸಿ. ಕ್ರಿಕೆಟಿಗ ವಿನಯ್ ಕುಮಾರ್ ಹುಟ್ಟಿದ ಊರಿನವರಿಗೆ, ವೇಗದ ಬೌಲರನ ಶ್ರಮವನ್ನು ಓವರುಗಳಲ್ಲಿ ಲೆಕ್ಕ ಹಾಕುತ್ತಾರೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಶಟಲ್‌ಗೂ ಅದೇ ನ್ಯಾಯ. ಒಂದು ಗಂಟೆಯ ಸ್ಲಾಟಿಗೆ ಎಂಟು ಜನ ಸೇರಿದ್ದರೆ ನಿಮ್ಮ ಪಾಲಿಗೆ ಬರುವುದು ಅರ್ಧ ಗಂಟೆ, ಅಂದರೆ ಎರಡೋ ಮೂರೋ ಡಬಲ್ಸ್ ಗೇಮ್. ಉಳಿದದ್ದು ಹರಟೆ. ಇಂಥವರು ವಾರಕ್ಕೆ ಆರು ದಿನ ಹೋದರೂ, ಇಬ್ಬರೇ ಸಿಂಗಲ್ಸ್ ಆಡಿ ವಾರಕ್ಕೆ ಮೂರು ದಿನ ಬೆವರು ಸುರಿಸುವವರಿಗಿಂತ ಕಡಿಮೆ ಭಾರ ಹೊರುತ್ತಿರಬಹುದು. ಎದುರಾಳಿ ನೆಟ್ ಹತ್ತಿರ ಮೆಲ್ಲಗೆ ಬೀಳಿಸಿದ ಡ್ರಾಪ್ ಎತ್ತಲು ಮುಂಗಾಲು ಚಾಚಿ ನೆಲಕ್ಕೆ ಊರುವಾಗ ಆ ಕಾಲಿನ ಮೇಲೆ ಮೈತೂಕದ ಎರಡು ಪಟ್ಟಿನಷ್ಟು ಭಾರ ಬೀಳುತ್ತದೆ. ಸಿಂಗಲ್ಸಿನಲ್ಲಿ ಇದು ಮತ್ತೆ ಮತ್ತೆ, ಇಬ್ಬರ ಪಾಲೂ ಒಬ್ಬರಿಗೇ.

ಮೂರನೆಯದು ದಿನದ ಕೆಲಸ ಮತ್ತು ನಿದ್ದೆ. ಬಟ್ಟೆ ಅಂಗಡಿಯಲ್ಲಿ ಹಗಲೆಲ್ಲ ನಿಂತೇ ಇರುವವರಿಗೆ, ಎಪಿಎಂಸಿಯಲ್ಲಿ ಚೀಲ ಹೊರುವವರಿಗೆ ಆಟವಿಲ್ಲದ ದಿನವೂ ಕಾಲಿಗೆ ಬಿಡುವಿನ ದಿನವಲ್ಲ. ಬ್ಯಾಂಕಿನಲ್ಲಿ ಕೂತಿರುವವರಿಗೆ ಸೊಂಟ ಬಿಗಿದಿರುತ್ತದೆ, ಕಾಲು ತಾಜಾ ಇರುತ್ತದೆ. ರಾತ್ರಿ ಹನ್ನೊಂದರವರೆಗೆ ಅಂಗಡಿ ಲೆಕ್ಕ ನೋಡಿ ಬೆಳಗಿನ ಐದೂವರೆಯ ಸ್ಲಾಟಿಗೆ ಏಳುವವರು ಬೇರೇನನ್ನೂ ಲೆಕ್ಕ ಹಾಕುವುದು ಬೇಡ, ಒಂದು ದಿನ ಬಿಟ್ಟು ನಿದ್ದೆ ಮಾಡಿ.

ವಯಸ್ಸು, ಮೈತೂಕ, ಉದ್ದೇಶ ಇವೂ ಸೇರುತ್ತವೆ. ಅವನ್ನು ಆಯಾ ಕಡೆಯೇ ನೋಡೋಣ. ದುಡ್ಡಿನ ಮಾತು ಮಾತ್ರ ಎಲ್ಲ ಕಡೆಯೂ ತಲೆ ಹಾಕುತ್ತದೆ.

ದಿನಾ ಆಡುವುದು

ಇದರ ದೊಡ್ಡ ಗುಣ ರೂಢಿ. ಹೋಗಲೋ ಬೇಡವೋ ಅನ್ನುವ ಜಗಳವೇ ಮನಸ್ಸಿನಲ್ಲಿ ಏಳುವುದಿಲ್ಲ. ಸಕ್ಕರೆ ಕಾಯಿಲೆ, ಬಿಪಿ ಇರುವವರಿಗೆ ದಿನವೂ ಮೈ ಆಡಿಸುವುದರಿಂದ ಲಾಭವಿದೆ. ಬೆಳಗಿನ ಆ ಗೆಳೆಯರ ಗುಂಪು ಎಷ್ಟೋ ಜನರಿಗೆ ಔಷಧಿಗಿಂತ ಮೇಲು. ಖರ್ಚಿನ ಲೆಕ್ಕದಲ್ಲೂ ತಿಂಗಳ ಸ್ಲಾಟ್ ದಿನಕ್ಕೆ ಭಾಗಿಸಿದರೆ ಅಗ್ಗ.

ಮೂವತ್ತರ ಒಳಗಿನವರು, ಆಟ ಬಿಡದೆ ಬಂದವರು, ಡಬಲ್ಸ್ ಆಡುವವರು, ಏಳೆಂಟು ಜನರ ಗುಂಪಿನಲ್ಲಿ ಸರದಿ ಕಾಯುವವರು ಧಾರಾಳವಾಗಿ ಇದನ್ನು ಆರಿಸಿಕೊಳ್ಳಬಹುದು. ಅವರೂ ವಾರಕ್ಕೊಂದು ದಿನ ಪೂರ್ತಿ ಬಿಡಬೇಕು. ಮೂವತ್ತೈದು ದಾಟಿ, ತೂಕವೂ ಇದ್ದು, ದಿನಾ ನಾಲ್ಕೇ ಜನ ಒಂದು ಗಂಟೆ ಬಿಡದೆ ಆಡುವವರಿಗೆ ನಾನು ಬೇಡ ಅನ್ನುತ್ತೇನೆ. ಹಿಂದೆ ಮುಂದೆ ಫಿಸಿಯೊ, ಟ್ರೈನರ್ ಇರುವವರನ್ನೂ ಅತಿಯಾದ ಭಾರ ಬಿಡುವುದಿಲ್ಲ. 2022ರ ಕಾಮನ್‌ವೆಲ್ತ್ ಕೂಟದಲ್ಲಿ ಚಿನ್ನ ಗೆದ್ದ ಪಿ.ವಿ. ಸಿಂಧು ಎಡ ಪಾದದ ಕೀಲಿನಲ್ಲಿ ಮೂಳೆ ಬಿರುಕುಬಿಟ್ಟು ಅದೇ ತಿಂಗಳ ವಿಶ್ವ ಚಾಂಪಿಯನ್‌ಷಿಪ್ ಬಿಡಬೇಕಾಯಿತು.

ದಿನಾ ಆಡುವವರ ಬಜೆಟ್ಟಿನಲ್ಲಿ ಮೊದಲ ಜಾಗ ಶೂಗೆ. ದುಬಾರಿ ಬ್ಯಾಟಿಗೆ ದುಡ್ಡು ಸುರಿದು, ವಾಕಿಂಗ್ ಶೂ ಹಾಕಿಕೊಂಡು ಕೋರ್ಟಿಗೆ ಇಳಿಯುವವರನ್ನು ಕಂಡರೆ ನನಗೆ ಭಯ. ಓಟದ ಶೂಗಳ ಹಿಮ್ಮಡಿ ಎತ್ತರ, ಪಕ್ಕಕ್ಕೆ ಕಾಲು ಊರಿದರೆ ಉಳುಕುತ್ತದೆ. ತಳ ಚಪ್ಪಟೆಯಾಗಿರುವ, ನೆಲಕ್ಕೆ ಕಲೆ ಮಾಡದ ಗಮ್ ರಬ್ಬರ್ ಅಡಿಯ ಶೂ ಬೇಕು. ಬ್ಯಾಟಿನ ಗಟ್ಟನ್ನು, ಅಂದರೆ ಬಲೆಯ ತಂತಿಯನ್ನು, ಅತಿ ಬಿಗಿ ಹಾಕಿಸುವುದೂ ಬೇಡ, ಮೊಣಕೈಗೆ ಏಟು ಜಾಸ್ತಿ.

ಬೇಸಿಗೆಯ ಮಾತು ಬೇರೆಯೇ. ಮಾರ್ಚಿಂದ ಮೇವರೆಗೆ ನಮ್ಮೂರಲ್ಲಿ 38 ಡಿಗ್ರಿ ಹೊಸದಲ್ಲ. ತಗಡಿನ ಚಾವಣಿಯ ಕೋರ್ಟು ಸಂಜೆ ಆರಕ್ಕೂ ಕಾದಿರುತ್ತದೆ, ಶಟಲ್ ಕಾಕ್ ಅಲುಗುತ್ತದೆ ಅಂತ ಫ್ಯಾನೂ ಹಾಕುವುದಿಲ್ಲ. ಆ ಮೂರು ತಿಂಗಳು ಸಂಜೆಯ ಸ್ಲಾಟಿನವರು ದಿನಾ ಆಡುವ ಹಟ ಬಿಟ್ಟು ಬೆಳಗಿಗೆ ಬದಲಾಯಿಸಿಕೊಳ್ಳುವುದು, ಅದಾಗದಿದ್ದರೆ ದಿನ ಕಡಿಮೆ ಮಾಡುವುದು ಒಳ್ಳೆಯದು. ಬಾಟಲಿಯ ನೀರಿಗೆ ಚಿಟಿಕೆ ಉಪ್ಪು, ನಿಂಬೆ ಹಿಂಡಿಕೊಳ್ಳಿ.

ದಿನ ಬಿಟ್ಟು ದಿನ

ಕೆಲಸಕ್ಕೆ ಹೋಗುವ, ಮೂವತ್ತೈದರಿಂದ ಐವತ್ತೈದರ ನಡುವಿನ ಹೆಚ್ಚಿನವರಿಗೆ ನನ್ನ ಮತ ಇದಕ್ಕೇ. ಸೋಮ, ಬುಧ, ಶುಕ್ರ ಆಡಿದರೆ ಎರಡು ಆಟದ ನಡುವೆ ನಲವತ್ತೆಂಟು ಗಂಟೆ ಸಿಗುತ್ತದೆ. ಮೇಲೆ ಹೇಳಿದ ಒಂದೂವರೆ ದಿನ ಕಳೆದು ಟೆಂಡನ್ ಲಾಭಕ್ಕೆ ತಿರುಗುವಷ್ಟು ಸಮಯ ಅದು. ವ್ಯಾಯಾಮದ ಪಾಲೂ ಕಡಿಮೆಯಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳಿರುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ಜೋರಿನ ಶ್ರಮ. ಮೂರು ಸಲ ಮುಕ್ಕಾಲು ಗಂಟೆ ನಿಜವಾಗಿ ಆಡಿದರೂ ಇದು ಮುಟ್ಟುತ್ತದೆ.

ತೊಡಕು ಎರಡು. ಒಂದು, ಬಿಟ್ಟ ದಿನ ಎರಡಾಗಿ, ಎರಡು ವಾರವಾಗುವ ಸೋಮಾರಿತನ. ಇನ್ನೊಂದು ಸ್ಲಾಟ್. ತಿಂಗಳ ಲೆಕ್ಕದ ಕೋರ್ಟಿನಲ್ಲಿ ಮೂರು ದಿನ ಹೋಗುವವರಿಗೂ ಆರು ದಿನದ್ದೇ ದುಡ್ಡು. ಕೆಲವು ಕಡೆ ಗಂಟೆ ಲೆಕ್ಕದಲ್ಲಿ ಕೊಡುತ್ತಾರೆ, ಕೇಳಿ ನೋಡಿ. ತಿಂಗಳಿನದಕ್ಕೆ ಹೋಲಿಸಿದರೆ ಗಂಟೆಯ ದರ ಜಾಸ್ತಿ ಕಂಡರೂ, ನೀವು ನಿಜವಾಗಿ ಹೋಗುವ ದಿನಗಳಿಂದ ಗುಣಿಸಿದರೆ ಬೇರೆ ಉತ್ತರ ಬರಬಹುದು. ಕಾಕ್ ಖರ್ಚೂ ಅರ್ಧಕ್ಕೆ ಇಳಿಯುತ್ತದೆ. ಹದಿನಾರು ಗರಿಯ ಕಾಕ್ ಜೋರಿನ ಡಬಲ್ಸಿನಲ್ಲಿ ಎರಡು ಗೇಮ್ ಬಾಳಿದರೆ ಪುಣ್ಯ, ನೈಲಾನ್ ಆದರೆ ವಾರಗಟ್ಟಲೆ ಬರುತ್ತದೆ. ದಿನಾ ಆಡಿ ನೈಲಾನಿಗೆ ಕಟ್ಟುಬಿದ್ದವರು ಅದೇ ಬಜೆಟ್ಟಿನಲ್ಲಿ ಮೂರು ದಿನ ಗರಿಯ ಕಾಕ್ ಆಡಬಹುದು. ಆ ಆಟದ ಸುಖವೇ ಬೇರೆ.

ಬಿಡುವಿನ ದಿನ ಏನು ಮಾಡಬೇಕು? ಕುಂದವಾಡ ಕೆರೆ ಏರಿಯ ಮೇಲೆ ಒಂದು ಸುತ್ತು ನಡೆದು ಬನ್ನಿ, ಸಾಕು. ಮನೆಯ ಮೆಟ್ಟಿಲ ಅಂಚಿನಲ್ಲಿ ಮುಂಗಾಲು ಊರಿ, ಹಿಮ್ಮಡಿಯನ್ನು ನಿಧಾನವಾಗಿ ಎತ್ತಿ ನಿಧಾನವಾಗಿ ಇಳಿಸುವ ವ್ಯಾಯಾಮ ಹದಿನೈದರಂತೆ ಮೂರು ಸಲ ಮಾಡಿದರೆ ಹಿಮ್ಮಡಿಯ ಟೆಂಡನ್ ಗಟ್ಟಿಯಾಗುತ್ತದೆ. ಅದನ್ನು ವಾರಕ್ಕೆರಡು ದಿನ ಇಟ್ಟುಕೊಳ್ಳಿ. ಚಿತ್ರದುರ್ಗದ ಗೆಳೆಯರು “ಇವತ್ತು ಆಟ ಇಲ್ಲ, ಜೋಗಿಮಟ್ಟಿಗೆ ಹೋಗಿ ಬಂದ್ವಿ” ಅಂತ ಹೇಳುವುದುಂಟು. ಆ ಬೆಟ್ಟ ಏರುವುದು ಬಿಡುವಲ್ಲ ಮಾರಾಯರೆ. ಹತ್ತುವುದಕ್ಕಿಂತ ಇಳಿಯುವುದು ತೊಡೆಗೆ, ಮಂಡಿಗೆ ಹೆಚ್ಚು ಹೊಡೆತ. ಅಲ್ಲಿಗೆ ಹೋದ ದಿನವನ್ನು ಆಟದ ದಿನವೆಂದೇ ಬರೆದುಕೊಳ್ಳಿ.

ಶನಿವಾರ, ಭಾನುವಾರ ಮಾತ್ರ

ಇದನ್ನು ಹಗುರವಾಗಿ ನೋಡುವವರೇ ಜಾಸ್ತಿ. ಹೃದಯದ ಮಟ್ಟಿಗೆ ಆ ತಾತ್ಸಾರಕ್ಕೆ ಆಧಾರವಿಲ್ಲ. ಬ್ರಿಟನ್ನಿನಲ್ಲಿ ಸುಮಾರು 90 ಸಾವಿರ ಜನರ ಮುಂಗೈಗೆ ಚಲನೆ ಅಳೆಯುವ ಪಟ್ಟಿ ಕಟ್ಟಿ ಮಾಡಿದ, 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರದ ಶ್ರಮದ ಬಹುಪಾಲನ್ನು ಒಂದೆರಡು ದಿನದಲ್ಲೇ ಮುಗಿಸುವವರಿಗೂ ಹೃದಯಾಘಾತ, ಲಕ್ವದ ಅಪಾಯ ವಾರವಿಡೀ ಹಂಚಿಕೊಂಡವರಷ್ಟೇ ತಗ್ಗಿದ್ದು ಕಂಡುಬಂತು. ಹಾಗಾಗಿ ವಾರವೆಲ್ಲ ಆಗುವುದಿಲ್ಲ ಅಂತ ಭಾನುವಾರವನ್ನೂ ಬಿಟ್ಟುಬಿಡಬೇಡಿ.

ಕಷ್ಟ ಬರುವುದು ಕಾಲಿಗೆ. ಆರು ದಿನ ಕುರ್ಚಿಯಲ್ಲಿದ್ದು ಏಳನೇ ದಿನ ಮೂರು ಗಂಟೆ ಜಿಗಿಯುವುದು ಹಿಮ್ಮಡಿಗೆ ಹಠಾತ್ತನೆ ಬೀಳುವ ಭಾರ. ಬ್ಯಾಡ್ಮಿಂಟನ್ನಿನಲ್ಲಿ ಹಿಮ್ಮಡಿಯ ಟೆಂಡನ್ ಹರಿದುಕೊಳ್ಳುವವರಲ್ಲಿ ಮೂವತ್ತು ನಲವತ್ತರ ಆಸುಪಾಸಿನ ಹವ್ಯಾಸಿ ಗಂಡಸರೇ ಹೆಚ್ಚು. ಅದೂ ಆಟದ ನಡುವಿನಲ್ಲೋ ಕೊನೆಯಲ್ಲೋ, ದಣಿದಾಗ. ಹಿಂದಿನಿಂದ ಯಾರೋ ಒದ್ದ ಹಾಗಾಯಿತು ಅನ್ನುತ್ತಾರೆ, ತಿರುಗಿ ನೋಡಿದರೆ ಯಾರೂ ಇರುವುದಿಲ್ಲ. ಅಲ್ಲಿಂದ ಆಟಕ್ಕೆ ಮರಳಲು ತಿಂಗಳುಗಳೇ ಬೇಕು. “ಲಾಸ್ಟ್ ಒಂದು ಗೇಮ್” ಅನ್ನುವ ಕೂಗಿಗೆ ಬ್ಯಾಗು ಎತ್ತಿಕೊಂಡು ಹೊರಡಲು ಕಲಿತವನೇ ಭಾನುವಾರದ ಜಾಣ ಆಟಗಾರ.

ವಾರಕ್ಕೆ ಎರಡೇ ಸಲ ಆಗುವುದಾದರೆ ಶನಿವಾರ, ಭಾನುವಾರ ಬೆನ್ನಿಗೆ ಬೆನ್ನು ಆಡುವುದಕ್ಕಿಂತ ಬುಧವಾರ ರಾತ್ರಿ ಒಂದು, ಭಾನುವಾರ ಬೆಳಿಗ್ಗೆ ಒಂದು ಉತ್ತಮ. ಎಷ್ಟೇ ಆಸೆಯಿದ್ದರೂ ಒಂದೂವರೆ ಗಂಟೆಗೆ ನಿಲ್ಲಿಸಿ. ನಲವತ್ತು ದಾಟಿ ಹೊಸದಾಗಿ ಶುರು ಮಾಡುವವರು, ಸಿಗರೇಟು, ಬಿಪಿ, ಸಕ್ಕರೆ ಇರುವವರು ಒಮ್ಮೆ ಡಾಕ್ಟರಿಗೆ ತೋರಿಸಿ ಇಸಿಜಿ ಮಾಡಿಸಿಕೊಂಡು ಇಳಿಯಿರಿ. ಆಡುವಾಗ ಎದೆ ಹಿಡಿದುಕೊಂಡರೆ, ಎಡಗೈ ಇಲ್ಲವೇ ದವಡೆಗೆ ನೋವು ಹರಿದರೆ ಗ್ಯಾಸ್ ಅಂತ ಸೋಡಾ ಕುಡಿದು ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ತೂಕ ಇಳಿಸುವ ಉದ್ದೇಶದವರಿಗೆ ಈ ಆಯ್ಕೆ ಸಾಲದು. 70 ಕೆ.ಜಿ. ತೂಕದವರು ಒಂದು ಗಂಟೆ ನಿಲ್ಲದೆ ಸಾಮಾನ್ಯ ಜೋರಿನಲ್ಲಿ ಆಡಿದರೆ ಖರ್ಚಾಗುವುದು 400 ಕ್ಯಾಲೊರಿ ಆಸುಪಾಸು. ಆಟ ಮುಗಿದ ಮೇಲೆ ಎಲ್ಲರೂ ಸೇರಿ ಬೆಣ್ಣೆ ದೋಸೆಗೆ ಹೋಗುವ ಸಂಪ್ರದಾಯವನ್ನು ನಾನು ಪೂರ್ತಿ ಗೌರವಿಸುತ್ತೇನೆ. ಆದರೆ ಆ ಲೆಕ್ಕ ಅಲ್ಲಿಗೇ ಚುಕ್ತಾ ಆಯಿತು ಅಂತ ತಿಳಿದಿರಲಿ.

ದಿನಾ ಹೋಗಿ, ಜೋರು ಮೂರೇ ದಿನ

ಕೋರ್ಟಿಗೆ ಹೋಗದಿದ್ದರೆ ದಿನ ಸರಿಯಾಗಿ ಶುರುವಾಗುವುದಿಲ್ಲ ಅನ್ನುವವರಿಗೆ ಇದು ದಾರಿ. ಒಂದು ದಿನ ಪೂರ್ತಿ ಆಟ, ಮರುದಿನ ಹಗುರ. ಕಾಗದದ ಮೇಲೆ ಎಲ್ಲಕ್ಕಿಂತ ಚೆಂದದ ಯೋಜನೆ, ನಡೆಸುವುದು ಮಾತ್ರ ಕಷ್ಟ. ಸ್ಕೋರ್ ಶುರುವಾದರೆ ನಮ್ಮವರಿಗೆ ಹಗುರವಾಗಿ ಆಡಲು ಬರುವುದಿಲ್ಲ. 18-18 ಆದ ಮೇಲೆ ಮಂಡಿ ನೋವು ಯಾರಿಗೆ ನೆನಪಿರುತ್ತದೆ? ಆದ್ದರಿಂದ ಹಗುರದ ದಿನ ಸ್ಕೋರೇ ಬೇಡ. ಸರ್ವ್ ಅಭ್ಯಾಸ, ನೆಟ್ ಹತ್ತಿರದ ಮೆಲುಹೊಡೆತ, ನಿಂತಲ್ಲಿಂದಲೇ ಡ್ರಾಪ್, ಅರ್ಧ ಗಂಟೆಗೆ ಮನೆ. ಟೂರ್ನಮೆಂಟಿಗೆ ಸಿದ್ಧವಾಗುತ್ತಿರುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಕೈಚಳಕ ದಿನಾ ಮಸೆಯುತ್ತದೆ, ಕಾಲು ಉಳಿಯುತ್ತದೆ. ಜೊತೆಗೆ ಆಡುವವರೂ ಒಪ್ಪಬೇಕು ಅನ್ನುವುದೇ ಷರತ್ತು. ಒಪ್ಪದ ಗುಂಪಿನಲ್ಲಿದ್ದರೆ ದಿನ ಬಿಟ್ಟು ದಿನಕ್ಕೇ ಬನ್ನಿ.

ಮಕ್ಕಳ ವಿಷಯ

ಮಕ್ಕಳಿಗೆ ದಣಿವು ಬೇಗ ಆರುತ್ತದೆ ಅಂತ ನಂಬಿ ಎರಡು ಹೊತ್ತು ಕಳಿಸುವವರು ಒಂದನ್ನು ಗಮನಿಸಬೇಕು. ಹತ್ತರಿಂದ ಹದಿನೈದರ ವಯಸ್ಸಿನಲ್ಲಿ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ, ಟೆಂಡನ್ ಹಿಡಿದಿರುವ ಜಾಗ ಮೆತ್ತಗಿರುತ್ತದೆ. ಮಂಡಿಚಿಪ್ಪಿನ ಕೆಳಗೆ ಗಂಟು ಎದ್ದು ನೋಯುವುದು ಇದರಿಂದಲೇ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ವಾರಕ್ಕೆ ಒಂದೆರಡು ದಿನ ತರಬೇತಿಯಿಂದ ಪೂರ್ತಿ ಬಿಡುವು ಕೊಡಲು ಹೇಳುತ್ತದೆ. ವಾರದ ತರಬೇತಿಯ ಗಂಟೆಗಳು ಮಗುವಿನ ವಯಸ್ಸನ್ನು ಮೀರಬಾರದು ಅನ್ನುವುದು ಕ್ರೀಡಾ ವೈದ್ಯರು ಬಳಸುವ ಸುಲಭ ಅಳತೆ: ಹನ್ನೆರಡು ವರ್ಷಕ್ಕೆ ಹನ್ನೆರಡು ಗಂಟೆ. ಎರಡು ಹೊತ್ತು, ಒಂದೊಂದೂವರೆ ಗಂಟೆ, ಆರು ದಿನ ಅಂದರೆ ಹದಿನೆಂಟು ಆಗುತ್ತದೆ. ನಿದ್ದೆಯೂ ಅಷ್ಟೇ ಮುಖ್ಯ. 2014ರ ಒಂದು ಅಧ್ಯಯನದಲ್ಲಿ ಎಂಟು ಗಂಟೆಗಿಂತ ಕಡಿಮೆ ಮಲಗುವ ಹದಿಹರೆಯದ ಆಟಗಾರರಿಗೆ ಪೆಟ್ಟಾಗುವ ಸಂಭವ 1.7 ಪಟ್ಟು ಇತ್ತು. ಟ್ಯೂಷನ್ ಮುಗಿಸಿ ಹತ್ತೂವರೆಗೆ ಮಲಗಿ ಐದಕ್ಕೆ ಏಳುವ ಮಗುವಿಗೆ ಬೆಳಗಿನ ಹೊತ್ತನ್ನು ಬಿಡಿಸಿ ಅಂತ ಕೋಚ್ ಸರ್ ಹತ್ತಿರ ಧೈರ್ಯವಾಗಿ ಕೇಳಿ.

ಸ್ಲಾಟಿನ ದುಡ್ಡಿಗೆ ಒಂದು ಉಪಾಯ

ದಿನ ಕಡಿಮೆ ಮಾಡಲು ಮನಸ್ಸಿದ್ದೂ ದುಡ್ಡು ದಂಡವಾಗುತ್ತದೆ ಅಂತ ಹಿಂಜರಿಯುವವರು ಜನ ಸೇರಿಸಿ. ನಾಲ್ವರ ಡಬಲ್ಸ್ ಸ್ಲಾಟನ್ನು ಆರು ಜನ ಹಿಡಿಯಿರಿ. ವಾರಕ್ಕೆ ಆರು ದಿನ ಕೋರ್ಟ್ ಇದ್ದರೆ ಒಟ್ಟು ಇಪ್ಪತ್ತನಾಲ್ಕು ಜಾಗ, ತಲೆಗೆ ನಾಲ್ಕು ದಿನ. ಪ್ರತಿಯೊಬ್ಬರ ಪಾಲಿನ ದುಡ್ಡು ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ, ಕೋರ್ಟ್ ಒಂದು ದಿನವೂ ಖಾಲಿ ಬೀಳುವುದಿಲ್ಲ, ವಾರದಲ್ಲಿ ಮೂರು ದಿನ ಎಲ್ಲರಿಗೂ ಬಿಡುವು. ಎಂಟು ಜನ ಸೇರಿದರೆ ತಲೆಗೆ ಮೂರು ದಿನ, ದುಡ್ಡು ಅರ್ಧ. ಯಾರು ಯಾವ ದಿನ ಅನ್ನುವ ಪಟ್ಟಿಯನ್ನು ಭಾನುವಾರವೇ ಹಾಕಿಬಿಡಿ, ಹಿಂದಿನ ರಾತ್ರಿಗೆ ಬಿಟ್ಟರೆ ಮೆಸೇಜುಗಳ ಜಗಳ ಶುರುವಾಗುತ್ತದೆ. ಯಾರಾದರೂ ಊರಿಗೆ ಹೋದರೆ ಬದಲಿಗೆ ಬರುವವನು ಹಿಂದಿನ ದಿನ ಆಡಿರಬಾರದು, ಇದನ್ನು ಮೊದಲೇ ಮಾತಾಡಿಕೊಳ್ಳಿ. ಜಾತ್ರೆ, ಮದುವೆ, ಜ್ವರ ಅಂತ ಎರಡು ಮೂರು ವಾರ ಬಿಟ್ಟು ಬಂದವರಿಗೆ ಮೊದಲ ವಾರ ಎರಡೇ ದಿನ, ದಿನಕ್ಕೆ ಎರಡೇ ಗೇಮ್ ಅಂತ ಪಟ್ಟಿಯಲ್ಲೇ ಬರೆದಿಡಿ. ಬಾಯಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ.